‘ರೀ’ ಎಂಬ ಅಕ್ಷರದ ಋಣ

ಐರ್ಲೆಂಡಿನಲ್ಲಿ ಹುಟ್ಟಿ, ಇಂಗ್ಲೆಂಡಿನ ನೈಋತ್ಯದ ಕಾರ್ನ್‌ವಾಲ್ ಸೀಮೆಯಲ್ಲಿ ಬೆಳೆದು, ಏಫೆಕ್ಸ್ ಟ್ವಿನ್ ಎಂಬ ನಾಮಾಂತರದಿಂದ ಲೋಕವಿಖ್ಯಾತರಾದ ಎಲೆಕ್ಟ್ರಾನಿಕ್ ಸಂಗೀತಗಾರ ರಿಚರ್ಡ್ ಡಿ. ಜೇಮ್ಸ್ ಅವರು, ತಾವು ಹಲವು ವರ್ಷಗಳ ಕಾಲ ಅನ್ಯರ ಕೃತಿಗಳಿಗೆ ಮಾಡಿಕೊಟ್ಟಿದ್ದ ರೀಮಿಕ್ಸ್‌ಗಳನ್ನು ಒಟ್ಟುಗೂಡಿಸಿ, 2003ರಲ್ಲಿ ವಾರ್ಪ್ ಸಂಸ್ಥೆಯ ಮೂಲಕ ಎರಡು ಸಿ.ಡಿ.ಗಳ ಸಂಕಲನವೊಂದನ್ನು ಹೊರತಂದರು. ‘26 ಮಿಕ್ಸಸ್ ಫಾರ್ ಕ್ಯಾಶ್’ ಎಂಬುದು ಅದರ ಹೆಸರು. ಹಣಕ್ಕಾಗಿ ಮಾಡಿದ ಇಪ್ಪತ್ತಾರು ಮಿಕ್ಸ್‌ಗಳು ಎಂದು ಮುಖಪುಟದಲ್ಲಿಯೇ ಮುಚ್ಚುಮರೆಯಿಲ್ಲದೆ ಸಾರಿದ ಹೆಸರು. ಈ ಸಂಗೀತವನ್ನು ಪ್ರೀತಿಸುವವರು ನಾಲ್ಕು ಮಂದಿ ಕೂಡಿದಲ್ಲಿ ಒಂದು ಚರ್ಚೆ ತಪ್ಪದೆ ಏಳುತ್ತದೆ: ಈ ಇಪ್ಪತ್ತಾರರಲ್ಲಿ ನಿಜವಾಗಿ ರೀಮಿಕ್ಸ್ ಎನಿಸಿಕೊಳ್ಳತಕ್ಕವು ಎಷ್ಟು? ಮೂಲದ ಒಂದು ಸ್ವರವೂ ಉಳಿಯದ ಕೃತಿಗೆ ಆ ಹೆಸರು ಸಲ್ಲುವುದೆ? ಮೇಲುನೋಟಕ್ಕೆ ಇದು ಸಂಗೀತದ ಚರ್ಚೆ. ಆಳದಲ್ಲಿ ಇದು ಒಂದು ಪದದ ಅರ್ಥವ್ಯಾಪ್ತಿಯನ್ನು ಕುರಿತ ಚರ್ಚೆಯಾದುದರಿಂದ, ಪದಗಳ ವಿಚಾರವನ್ನೇ ಬರೆಯುವ ಈ ಅಂಕಣಕ್ಕೆ ಅದು ಹೊರತಾದುದಲ್ಲ.

‘ಮಿಕ್ಸ್’ ನಮಗೆ ಅಪರಿಚಿತವೇನಲ್ಲ. ಅಡುಗೆಮನೆಯ ಮಿಕ್ಸಿಯಾಗಿ, ಬೇಕರಿಯ ಗಾಜಿನ ಭರಣಿಯೊಳಗಿನ ಮಿಕ್ಸ್ಚರಾಗಿ ಅದು ಎಂದೋ ಕನ್ನಡದ ಮನೆಮಾತಾಗಿದೆ. ಅದರ ಲ್ಯಾಟಿನ್ ಮೂಲವೂ ಸಂಸ್ಕೃತದ ‘ಮಿಶ್ರ’ವೂ ಒಂದೇ ಪ್ರಾಚೀನ ಧಾತುವಿನಿಂದ ಕವಲೊಡೆದ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ, ಆದಕಾರಣ ಮೂರೂ ನಾಲ್ಕೂ ಬೆರೆತು ಏಳಾಗುವ ನಮ್ಮ ಮಿಶ್ರಛಾಪು ತಾಳಕ್ಕೂ ಲಂಡನ್ನಿನ ಸ್ಟುಡಿಯೋದ ಮಿಕ್ಸಿಗೂ ದೂರದ ಬಾಂಧವ್ಯವುಂಟು. ಆದರೆ ಸ್ಟುಡಿಯೋದಲ್ಲಿ ಆ ಪದಕ್ಕೆ ಖಚಿತವಾದ ಒಂದು ಪಾರಿಭಾಷಿಕಾರ್ಥವಿತ್ತು. ಗಾಯಕನ ಕಂಠ, ಡ್ರಮ್ಮು, ಗಿಟಾರು, ಇವೆಲ್ಲವನ್ನೂ ಒಂದೇ ಟೇಪಿನ ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಿಸಿಕೊಂಡು, ಯಾವುದು ಎಷ್ಟು ಕೇಳಬೇಕು, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದನ್ನು ನಿರ್ಧರಿಸಿ ಎರಡು ಟ್ರ್ಯಾಕುಗಳಿಗೆ ಇಳಿಸುವ ಕಾರ್ಯವೇ ಮಿಕ್ಸಿಂಗ್. ಅದೇ ಟೇಪನ್ನು ಮತ್ತೊಮ್ಮೆ ತೆಗೆದು, ಅದೇ ಧ್ವನಿಗಳನ್ನು ಬೇರೊಂದು ಪ್ರಮಾಣದಲ್ಲಿ ಬೆರೆಸಿದರೆ ಅದು ರೀಮಿಕ್ಸ್. ಹೊಸದೇನನ್ನೂ ಸೇರಿಸಬೇಕೆಂಬ ಅಪೇಕ್ಷೆ ಆ ಪದದ ಬಾಲ್ಯದಲ್ಲಿ ಇರಲಿಲ್ಲ.

ಪದಕ್ಕೆ ಯೌವನ ಬಂದದ್ದು ಜಮೈಕಾದಲ್ಲಿ ಎನ್ನಬಹುದು. 1960ರ ದಶಕದ ಕೊನೆಯಲ್ಲಿ ಕಿಂಗ್‌ಸ್ಟನ್ ನಗರದ ಮುದ್ರಕರು ಹಾಡಿನಿಂದ ಕಂಠವನ್ನು ತೆಗೆದು, ಉಳಿದ ವಾದ್ಯಮೇಳವನ್ನು ರೆಕಾರ್ಡಿನ ಹಿಂಬದಿಗೆ ಹಾಕಿ, ಅದನ್ನು ‘ವರ್ಷನ್’ ಎಂದು ಕರೆಯತೊಡಗಿದರು. ವೃತ್ತಿಯಿಂದ ವಿದ್ಯುದುಪಕರಣಗಳ ತಂತ್ರಜ್ಞನಾಗಿದ್ದ ಕಿಂಗ್ ಟಬ್ಬಿಯು ಮಿಕ್ಸಿಂಗ್ ಮೇಜನ್ನೇ ವಾದ್ಯವನ್ನಾಗಿ ಮಾಡಿಕೊಂಡು, ಡ್ರಮ್ಮನ್ನು ಏಕಾಕಿಯಾಗಿ ನಿಲ್ಲಿಸಿ, ಕಂಠದ ಒಂದು ತುಣುಕನ್ನು ಪ್ರತಿಧ್ವನಿಯಲ್ಲಿ ತೇಲಿಬಿಟ್ಟು, ‘ಡಬ್’ ಎಂಬ ಹೊಸ ಪ್ರಕಾರಕ್ಕೇ ಕಾರಣನಾದನು. ಅನಂತರ ನ್ಯೂಯಾರ್ಕಿನಲ್ಲಿ ಟಾಮ್ ಮೌಲ್ಟನ್ ಮೊದಲಾದವರು ನೃತ್ಯಕ್ಕೆ ಒದಗುವಂತೆ ಹಾಡುಗಳನ್ನು ಹಿಗ್ಗಿಸಿದರು. 1976ರಲ್ಲಿ ವಾಲ್ಟರ್ ಗಿಬನ್ಸ್ ಮಾಡಿದ ಮಿಕ್ಸೊಂದು ಹನ್ನೆರಡು ಅಂಗುಲದ ಸಿಂಗಲ್ಲಾಗಿ ಅಂಗಡಿಗೆ ಬಂದಿತು. ಇಷ್ಟು ದೂರ ಬಂದರೂ ಮೂಲದ ಟೇಪು ರೀಮಿಕ್ಸ್ ಮಾಡುವವನ ಕೈಯನ್ನು ಬಿಟ್ಟಿರಲಿಲ್ಲ.

ಭಾರತಕ್ಕೆ ಬಂದಾಗ ಪದವು ಮಗುಚಿಕೊಂಡಿತು. 1972ರ ‘ಸಮಾಧಿ’ ಚಿತ್ರಕ್ಕಾಗಿ ಲತಾ ಮಂಗೇಶ್ಕರರು ಹಾಡಿದ್ದ ಗೀತೆಯೊಂದು 2002ರಲ್ಲಿ ‘ಕಾಂಟಾ ಲಗಾ’ ರೀಮಿಕ್ಸಾಗಿ ಮನೆಮನೆಯಲ್ಲಿ ಮೊಳಗಿತಷ್ಟೆ. ಅದರಲ್ಲಿ ಕೇಳಿಸಿದ್ದು ಲತಾ ಅವರ ಕಂಠವಲ್ಲ, ಹೊಸ ಗಾಯಕಿಯ ಕಂಠ. ನಮ್ಮ 1957ರ ಕೃತಿಸ್ವಾಮ್ಯ ಶಾಸನವು, ಮೊದಲ ಮುದ್ರಣವಾಗಿ ಎರಡು ವರ್ಷ ಕಳೆದ ಬಳಿಕ, ಸಂಭಾವನೆ ತೆತ್ತು ಅದೇ ಹಾಡನ್ನು ಬೇರೆಯವರಿಂದ ಹಾಡಿಸಿ ಮುದ್ರಿಸಲು ಎಡೆಗೊಟ್ಟಿತ್ತು. 2012ರ ತಿದ್ದುಪಡಿಯು ಆ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು. ಮೂಲದ ಟೇಪಾದರೋ ಹಳೆಯ ಕಂಪೆನಿಯ ಸ್ವತ್ತು. ಹೀಗಾಗಿ ಅಮೆರಿಕೆಯಲ್ಲಿ ಕಂಠವನ್ನು ಉಳಿಸಿ ವಾದ್ಯಗಳನ್ನು ಬದಲಿಸುವುದು ರೀಮಿಕ್ಸ್ ಎನಿಸಿದರೆ, ನಮ್ಮಲ್ಲಿ ಬಹುಮಟ್ಟಿಗೆ ಕಂಠವನ್ನು ಬದಲಿಸಿ ಮಟ್ಟನ್ನು ಉಳಿಸುವುದು ರೀಮಿಕ್ಸ್ ಎನಿಸಿತು. ‘ಹಳೇ ಹಾಡನ್ನು ರೀಮಿಕ್ಸ್ ಮಾಡಿ ಕೆಡಿಸಿದ್ದಾರೆ’ ಎಂದು ಹಿರಿಯರು ನೊಂದುಕೊಳ್ಳುವಾಗ, ಆ ನೋವಿನ ಬಹುಭಾಗ ಕಳೆದುಹೋದ ಕಂಠಕ್ಕಾಗಿಯೇ.

ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಏಫೆಕ್ಸ್ ಟ್ವಿನ್ನರ ಸಂಕಲನಕ್ಕೆ ಮರಳಿದರೆ, ಅಭಿಮಾನಿಗಳ ಚರ್ಚೆಯ ಮಹತ್ವ ತಿಳಿಯುತ್ತದೆ. ಏಕೆಂದರೆ ಈ ಪದಕ್ಕೆ ಇರಬಹುದಾದ ಅರ್ಥಗಳೆಲ್ಲವೂ ಆ ಎರಡು ಸಿ.ಡಿ.ಗಳಲ್ಲಿ ಒಂದರ ಪಕ್ಕದಲ್ಲೊಂದು ಕುಳಿತಿವೆ.

‘ರೇಜ಼ಿಂಗ್ ದ ಟೈಟಾನಿಕ್’ ಎಂಬುದನ್ನು ತೆಗೆದುಕೊಳ್ಳೋಣ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಮುಳುಗುತ್ತಿದ್ದಾಗ ಅದರ ವಾದ್ಯಗಾರರು ಕಡೆಯವರೆಗೂ ನುಡಿಸುತ್ತಿದ್ದರೆಂದು ಬದುಕಿ ಬಂದ ನಿಸ್ತಂತು ಸಂದೇಶಗಾರನು ಹೇಳಿದ್ದನಷ್ಟೆ; ಆ ಸಾಕ್ಷ್ಯವನ್ನು ಹಿಡಿದು, ನೀರಿನೊಳಗೂ ಆ ಸಂಗೀತವು ನಿಲ್ಲದೆ ಮುಂದುವರಿದಿದ್ದರೆ ಹೇಗೆ ಕೇಳಿಸುತ್ತಿತ್ತೆಂದು ಭಾವಿಸಿ, ಗ್ಯಾವಿನ್ ಬ್ರಯರ್ಸ್ ಎಂಬ ಇಂಗ್ಲಿಷ್ ಸಂಗೀತರಚನಕಾರರು 1969ರಲ್ಲಿ ಆರಂಭಿಸಿದ ಕೃತಿಯ ಹೆಸರು ‘ದ ಸಿಂಕಿಂಗ್ ಆಫ್ ದ ಟೈಟಾನಿಕ್’. ತಂತಿವಾದ್ಯಗಳು ಒಂದು ಪ್ರಾರ್ಥನಾಗೀತದ ಮಟ್ಟನ್ನು ಅತ್ಯಂತ ಮಂದಗತಿಯಲ್ಲಿ ಮತ್ತೆ ಮತ್ತೆ ನುಡಿಯುತ್ತ ಹೋಗುತ್ತವೆ. ಜೇಮ್ಸ್ ಆ ತಂತಿಗಳನ್ನು ಕದಲಿಸಲಿಲ್ಲ. ಅವುಗಳ ಅಡಿಗೆ ದೊಡ್ಡ ಡ್ರಮ್ಮಿನ ಲಯವೊಂದನ್ನು ಇರಿಸಿದರು. ಮುಳುಗುವಿಕೆಯ ಸಂಗೀತಕ್ಕೆ ಮೇಲೆತ್ತುವಿಕೆ ಎಂಬ ಹೆಸರು ಬಂದಿತು. ಶೀರ್ಷಿಕೆಯ ಈ ಒಂದು ಪದದ ವ್ಯತ್ಯಾಸದಲ್ಲಿ ಮೂಲದೊಡನೆ ನಡೆಸಿದ ಸಂಭಾಷಣೆಯುಂಟು, ಮೂಲವನ್ನು ಅರಿತವನಿಗೆ ಮಾತ್ರ ದಕ್ಕುವ ಸಂಭಾಷಣೆ.

ಇನ್ನೂ ಜಟಿಲವಾದುದು ‘ಹೀರೋಸ್’. ಡೇವಿಡ್ ಬೋವಿ 1977ರಲ್ಲಿ ಬರ್ಲಿನ್ನಿನ ಗೋಡೆಯ ಸಮೀಪದ ಹನ್ಸಾ ಸ್ಟುಡಿಯೋದಲ್ಲಿ ಆ ಹಾಡನ್ನು ಹಾಡುವಾಗ, ಅದರ ನಿರ್ಮಾಪಕ ಟೋನಿ ವಿಸ್ಕಾಂಟಿಯವರು ಗಾಯಕನ ಮುಖದ ಬಳಿ ಒಂದು, ಸುಮಾರು 20 ಅಡಿ ದೂರದಲ್ಲಿ ಒಂದು, 50 ಅಡಿ ದೂರದಲ್ಲಿ ಇನ್ನೊಂದು, ಹೀಗೆ ಮೂರು ಮೈಕುಗಳನ್ನು ನಿಲ್ಲಿಸಿ, ಕಂಠ ಏರಿದಾಗ ಮಾತ್ರ ದೂರದವು ತೆರೆದುಕೊಳ್ಳುವಂತೆ ಏರ್ಪಡಿಸಿದ್ದರು; ಕೂಗು ಹೆಚ್ಚಿದಂತೆಲ್ಲ ಆ ವಿಶಾಲ ಕೋಣೆಯ ಗಾಳಿಯೂ ಹಾಡಿನೊಳಕ್ಕೆ ಬರುತ್ತದೆ. ಹತ್ತೊಂಬತ್ತು ವರ್ಷಗಳ ತರುವಾಯ ಫಿಲಿಪ್ ಗ್ಲಾಸ್ ಅದೇ ಹೆಸರಿನ ಆಲ್ಬಮ್ಮನ್ನು ಆಧರಿಸಿ ಒಂದು ಸಿಂಫನಿಯನ್ನು ರಚಿಸಿದರು. ಜೇಮ್ಸ್ ಮಾಡಿದ್ದೇನೆಂದರೆ, ಬೋವಿಯ ಹಳೆಯ ಕಂಠವನ್ನು ಗ್ಲಾಸರ ವಾದ್ಯವೃಂದದ ಮೇಲೆ ತಂದು ಕೂಡಿಸಿದ್ದು. ಮಗನ ಮನೆಗೆ ತಂದೆಯನ್ನು ಕರೆತಂದಂತೆ, ತನ್ನಿಂದಲೇ ಹುಟ್ಟಿದ ಸಂಗೀತದ ನಡುವೆ ಆ ಕಂಠ ನಿಂತು ಹಾಡುತ್ತದೆ, ಬರ್ಲಿನ್ನಿನ ಆ ಕೋಣೆಯ ಗಾಳಿಯನ್ನು ತನ್ನೊಡನೆ ಹೊತ್ತುಕೊಂಡೇ. ರೀಮಿಕ್ಸ್ ಎಂಬ ಪದವು ಇದಕ್ಕಿಂತ ಎತ್ತರಕ್ಕೆ ಏರಿದ ಇನ್ನೊಂದು ನಿದರ್ಶನ ನನಗೆ ತಿಳಿಯದು.

ಇನ್ನು ಎದುರು ಪಕ್ಷ. ನೈನ್ ಇಂಚ್ ನೈಲ್ಸ್ ತಂಡದ 1995ರ ರೀಮಿಕ್ಸ್ ಸಂಕಲನಕ್ಕಾಗಿ ಜೇಮ್ಸ್ ಕೊಟ್ಟ, ಇಲ್ಲಿಯೂ ಸೇರಿರುವ ಕೃತಿಗಳಲ್ಲಿ ಆ ತಂಡದ ಧ್ವನಿಯ ಲೇಶವೂ ಇಲ್ಲವೆಂಬುದು ಪ್ರಸಿದ್ಧ. ಅಭಿಮಾನಿಗಳು ಇಲ್ಲಿಯೇ ಇಬ್ಭಾಗವಾಗುತ್ತಾರೆ. ಒಬ್ಬರೆನ್ನುತ್ತಾರೆ: ಮಾಡಿಸಿಕೊಂಡವರು ಒಪ್ಪಿದರು, ಹಣ ಕೊಟ್ಟರು, ರೀಮಿಕ್ಸ್ ಎಂದು ಅಚ್ಚು ಹಾಕಿಸಿದರು, ಇನ್ನು ಹೆಸರಿಗೇಕೆ ತಕರಾರು? ಮತ್ತೊಬ್ಬರು, ‘ಹಣಕ್ಕಾಗಿ’ ಎಂಬ ಶೀರ್ಷಿಕೆಯೇ ಇದಕ್ಕೆಲ್ಲ ಸಮಾಧಾನವೆನ್ನುತ್ತಾರೆ. ಮೂರನೆಯ ಒಂದು ಬಗೆಯವರಿದ್ದಾರೆ. ಈ ಸಂಕಲನವನ್ನು ಕೈಪಿಡಿಯಂತೆ ಹಿಡಿದು, ಸೀಫೀಲ್, ಕರ್ವ್, ಜಪಾನಿನ ನಾವ್ ಕಾಟ್ಸೆ ಮುಂತಾದವರ ಮೂಲಗಳನ್ನು ಅರಸಿ ತಂದು, ಯಾವ ಸ್ವರ ಉಳಿಯಿತು, ಯಾವುದು ಹೋಯಿತು ಎಂದು ಪಾಠಾಂತರ ನೋಡುವ ಸಂಪಾದಕರ ಶ್ರದ್ಧೆಯಿಂದ ಹೋಲಿಸುತ್ತಾರೆ. ನನ್ನ ಗೌರವವೆಲ್ಲ ಈ ಮೂರನೆಯವರಿಗೆ.

ಹಣ ಪಡೆದದ್ದು ದೋಷವಲ್ಲ. ಆಸ್ಥಾನಗಳಲ್ಲಿ ಹಣ ಪಡೆದವರಿಂದಲೇ ಎಷ್ಟೋ ಉತ್ತಮ ಕಲೆ ಬಂದಿದೆ. ನನ್ನ ಆಕ್ಷೇಪವು ಆ ‘ರೀ’ ಎಂಬ ಪೂರ್ವಾಕ್ಷರವನ್ನು ಕುರಿತದ್ದು. ಮತ್ತೊಮ್ಮೆ ಎಂದು ಹೇಳಿದವನು ಮೊದಲೊಮ್ಮೆ ಆದುದನ್ನು ಒಪ್ಪಿಕೊಂಡಿರುತ್ತಾನೆ, ಅದಕ್ಕೆ ಋಣಿಯಾಗಿರುತ್ತಾನೆ. ಆ ಋಣ ಬ್ರಯರ್ಸರ ತಂತಿಗಳಲ್ಲಿಯೂ ಬೋವಿಯ ಕಂಠದಲ್ಲಿಯೂ ಸಂದಿದೆ. ನೈನ್ ಇಂಚ್ ನೈಲ್ಸ್ ಹೆಸರಿನ ಕೃತಿಗಳಲ್ಲಿ ಸಂದಿಲ್ಲ. ಅವು ಗಂಭೀರವಾದ, ಸ್ವತಂತ್ರವಾದ, ಸೊಗಸಾದ ರಚನೆಗಳು, ಆದರೆ ರೀಮಿಕ್ಸ್‌ಗಳಲ್ಲ. ಈ ಸಂಕಲನವನ್ನು ಹೊಸದಾಗಿ ಕೇಳಹೊರಟಿರುವ ಓದುಗರಲ್ಲಿ ನನ್ನದೊಂದು ವಿನಂತಿ: ಮೊದಲು ಬ್ರಯರ್ಸರ ‘ಸಿಂಕಿಂಗ್’ ಕೃತಿಯನ್ನು ಆದ್ಯಂತ ಕೇಳಿರಿ, ಆಮೇಲೆ ಮೊದಲ ಸಿ.ಡಿ.ಯ ಎರಡನೆಯ ಟ್ರ್ಯಾಕಿಗೆ ಹೋಗಿರಿ.