ತುಕ್ಕಿನಡಿಯ ಚರಿತ್ರೆ

ಕೊಡಗಿನ ಹಳೆಯ ತೋಟದ ಬಂಗಲೆಗಳಲ್ಲಿ ಗೋಡೆಯೊಳಗೆ ಕಟ್ಟಿದ ಅಗ್ಗಿಷ್ಟಿಕೆಗಳನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಸೌದೆಯನ್ನಾಗಲಿ ಕಲ್ಲಿದ್ದಲನ್ನಾಗಲಿ ನೆಲದಿಂದ ಮೇಲೆತ್ತಿ ಹಿಡಿದು, ಕೆಳಗಿನಿಂದ ಗಾಳಿಯಾಡಲು ಎಡೆಗೊಡುವ ಕಬ್ಬಿಣದ ಜಾಲರಿಯೊಂದು ಅವುಗಳಲ್ಲಿರುತ್ತದೆ. ಈ ಪದ್ಧತಿಯು ನಮ್ಮಲ್ಲಿಗೆ ಬಂದುದು ಇಂಗ್ಲೆಂಡಿನಿಂದ. ತುಕ್ಕು ಹಿಡಿದ ಜಾಲರಿಯನ್ನು ಮತ್ತೆ ಬೆಳಗುವುದು ಅಲ್ಪ ಕಾರ್ಯವೆಂದು ತೋರಬಹುದು. ಆದರೆ ಅದರ ಹಿಂದೆ ದೀರ್ಘವಾದ ದುಡಿಮೆಯ ಚರಿತ್ರೆಯೊಂದು ಅಡಗಿದೆಯೆಂಬುದನ್ನು ಇಲ್ಲಿ ನಿವೇದಿಸಬಯಸುತ್ತೇವೆ.

ಷ್ರಾಪ್‌ಷೈರ್ ಪ್ರಾಂತದ ಕೋಲ್‌ಬ್ರೂಕ್‌ಡೇಲ್ ಎಂಬಲ್ಲಿ 1709ರಲ್ಲಿ ಏಬ್ರಹಾಂ ಡಾರ್ಬಿ ಎಂಬಾತನು ಮರದ ಇದ್ದಿಲಿಗೆ ಬದಲಾಗಿ, ಕಲ್ಲಿದ್ದಲಿನಿಂದ ತಯಾರಿಸಿದ ಕೋಕನ್ನು ಬಳಸಿ ಅದಿರನ್ನು ಕರಗಿಸಿದನು. ಕಾಲಕ್ರಮದಲ್ಲಿ ಬೀಡುಕಬ್ಬಿಣವು ಹೇರಳವಾಗಿ ದೊರೆಯಿತು. ಡಾರ್ಬಿಯ ಮೊಮ್ಮಗನ ಕಾಲದಲ್ಲಿ, 1779ರಲ್ಲಿ, ಸಮೀಪದ ಸೆವರ್ನ್ ನದಿಗೆ ಕಬ್ಬಿಣದ ಕಮಾನು ಸೇತುವೆಯೇ ಎದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಊರಿನ ಎರಕದ ಮನೆಯಿಂದ ಅಲಂಕಾರದ ಅಗ್ಗಿಷ್ಟಿಕೆಗಳು ಹೊರಬಂದವು. ಹಳೆಯ ಜಾಲರಿಗಳ ಹಿಂಬದಿಯಲ್ಲಿ ತಯಾರಕರ ಹೆಸರು ಅನೇಕ ವೇಳೆ ಮೂಡಿರುತ್ತದೆ. ಮಾಡಿದವರ ಹೆಸರು ಹೀಗೆ ಉಳಿಯಿತು. ದಿನವೂ ಬೆಳಗಿದವರ ಹೆಸರು ಉಳಿಯಲಿಲ್ಲ.

ಮನೆಯವರು ಏಳುವ ಮುನ್ನವೇ ಕೆಲಸದ ಹುಡುಗಿಯು ಎದ್ದು, ಬೂದಿ ತೆಗೆದು, ಕಂಬಿಗಳಿಗೆ 'ಕಪ್ಪು ಸೀಸ' ಹಚ್ಚಿ, ಬ್ರಷ್ಷಿನಿಂದ ಉಜ್ಜಿ ಹೊಳಪು ತರಬೇಕಾಗಿತ್ತು. ಹೆಸರು ಹಾಗಿದ್ದರೂ ಅದರಲ್ಲಿ ಸೀಸವಿಲ್ಲ. ಅದು ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್. ಇಂಥ ಅಸಂಖ್ಯ ಸೇವಕಿಯರಲ್ಲಿ ಹಾನಾ ಕಲ್ವಿಕ್ ಎಂಬಾಕೆಯ ಮಾತು ನಮಗೆ ನೇರವಾಗಿ ಕೇಳಿಸುತ್ತದೆ. ಆಕೆಯು 1833ರಲ್ಲಿ ಜನಿಸಿದುದು ಅದೇ ಷ್ರಾಪ್‌ಷೈರಿನ ಷಿಫ್ನಾಲ್ ಊರಿನಲ್ಲಿ. ಬಾಲ್ಯದಲ್ಲೇ ಮನೆಗೆಲಸಕ್ಕೆ ಸೇರಿದ ಆಕೆಯು, ಒಲೆಗೆ ಕಪ್ಪು ಹಚ್ಚಿದುದು, ಮೆಟ್ಟಿಲು ತೊಳೆದುದು, ಬೂಟು ಒರೆಸಿದುದು, ಇವೆಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟಳು. 1984ರಲ್ಲಿ ಅದು ಪುಸ್ತಕವಾಗಿ ಪ್ರಕಟವಾಯಿತು.

1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಕವಿದ ಹೊಗೆಮಂಜು ಸಹಸ್ರಾರು ಜೀವಗಳನ್ನು ಬಲಿಗೊಂಡಿತು. 1956ರಲ್ಲಿ ಶುದ್ಧ ವಾಯು ಶಾಸನವು ಬಂದಿತು. ಕ್ರಮೇಣ ಮನೆಮನೆಯ ಕಲ್ಲಿದ್ದಲ ಬೆಂಕಿ ಆರಿತು. ಬೆಂಕಿ ಆರಿದಲ್ಲಿ ತುಕ್ಕು ನೆಲೆಸಿತು: ಹೊಗೆಗೂಡಿನಿಂದ ಇಳಿದ ತೇವವು ಮಸಿಯಲ್ಲಿರುವ ಗಂಧಕದೊಡನೆ ಬೆರೆತು ಆಮ್ಲವಾಗಿ ಕಬ್ಬಿಣವನ್ನು ತಿನ್ನತೊಡಗಿತು.

ಅದನ್ನು ಬಿಡಿಸುವ ಕ್ರಮವು ಸರಳವಾದರೂ ತಾಳ್ಮೆಯನ್ನು ಬೇಡುತ್ತದೆ. ಬೀಡುಕಬ್ಬಿಣವು ಬಾಗದು, ಒಡೆಯುವುದು. ಆದುದರಿಂದ ಸುತ್ತಿಗೆ ಸಲ್ಲದು. ಹಳೆಯ ಬಣ್ಣದಲ್ಲಿ ನಿಜವಾದ ಸೀಸವೇ ಇರಬಹುದಾದ್ದರಿಂದ ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು. ದಪ್ಪ ತುಕ್ಕನ್ನು ತಂತಿ ಬ್ರಷ್ಷಿನಿಂದಲೂ, ಚಿಕ್ಕ ಕಲೆಗಳನ್ನು ಸೀಮೆಎಣ್ಣೆಯಲ್ಲಿ ತೋಯಿಸಿದ ನವಿರಾದ ಉಕ್ಕಿನ ನಾರಿನಿಂದಲೂ ತಿಕ್ಕಬೇಕು. ನೀರು ತಗಲಿದರೆ ಒಡನೆಯೇ ಒರೆಸಬೇಕು, ಇಲ್ಲವಾದರೆ ತುಕ್ಕು ಮರಳುತ್ತದೆ. ಎಣ್ಣೆಯ ಪಸೆ ಪೂರ್ಣವಾಗಿ ಆರಿದ ಬಳಿಕ ಗ್ರಾಫೈಟಿನ ಲೇಪವನ್ನು ತೆಳುವಾಗಿ ಹಚ್ಚಿ, ಹೊಳಪು ಬರುವವರೆಗೆ ಉಜ್ಜಬೇಕು. ಸಾಮಾನ್ಯ ಬಣ್ಣವು ಬೆಂಕಿಯ ಕಾವಿಗೆ ಗುಳ್ಳೆಯೆದ್ದು ಸುಡುತ್ತದೆ. ಮೂಲತಃ ಬೆಳ್ಳಗೆ ಹೊಳೆಯುತ್ತಿದ್ದ ಉಕ್ಕಿನ ಭಾಗಗಳಿಗೆ ಕಪ್ಪು ಬಳಿಯುವುದು ತಪ್ಪು.

ಉಜ್ಜುತ್ತ ಹೋದಂತೆ ತುಕ್ಕಿನಡಿಯಿಂದ ಎರಕದ ಹೂಬಳ್ಳಿಗಳೂ, ತಯಾರಕರ ಹೆಸರೂ ಮೇಲೇಳುತ್ತವೆ. ಸೇವಕಿಯ ಹೆಸರು ಏಳುವುದಿಲ್ಲ. ಆದರೆ ನಾವು ಅದೇ ಬ್ರಷ್ಷನ್ನು ಹಿಡಿದು, ಅದೇ ಕಪ್ಪನ್ನು ಕೈಗೆ ಹತ್ತಿಸಿಕೊಂಡು, ಅವಳು ಮೊಣಕಾಲೂರಿದ ತಾಣದಲ್ಲೇ ಮೊಣಕಾಲೂರುತ್ತೇವೆ. ನಮಗೆ ಇದು ಒಂದು ದಿನದ ಶ್ರಮ. ಅವಳಿಗೆ ಪ್ರತಿ ಮುಂಜಾನೆಯ ಪಾಡು. ಲೋಹದ ಹೊಳಪನ್ನು ಮೆಚ್ಚುವಾಗ ಆ ಕೈಗಳನ್ನು ನೆನೆಯುವುದು ನಮ್ಮ ಋಣವೆಂದು ಭಾವಿಸುತ್ತೇವೆ.