ವಜ್ರಳ್ಳಿ

ವಜ್ರಳ್ಳಿಯು ಕರ್ನಾಟಕ ರಾಜ್ಯದ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲೂಕಿನ ಒಂದು ಗ್ರಾಮ ಹಾಗೂ ಗ್ರಾಮ ಪಂಚಾಯತಿ ಕೇಂದ್ರ. ತಾಲೂಕಿನ ಪಶ್ಚಿಮ ಭಾಗದಲ್ಲಿ, ಸಹ್ಯಾದ್ರಿಯ ಘಟ್ಟದಂಚಿನಲ್ಲಿ, ಉತ್ತರದ ಕಾಳಿ ನದಿ ಮತ್ತು ದಕ್ಷಿಣದ ಗಂಗಾವಳಿ ನದಿಗಳ ನಡುವಣ ಗುಡ್ಡಗಾಡಿನಲ್ಲಿದೆ. ಅಡಿಕೆ ಇಲ್ಲಿಯ ಮುಖ್ಯ ಬೆಳೆ. 2021ರ ಜುಲೈ ತಿಂಗಳಿನಲ್ಲಿ ಈ ಪಂಚಾಯತಿಗೆ ಸೇರಿದ ಕಳಚೆ ಗ್ರಾಮದಲ್ಲಿ ಸಂಭವಿಸಿದ ಭೂಕುಸಿತದಿಂದಾಗಿ ಈ ಪ್ರದೇಶದ ಹೆಸರು ನಾಡಿನಾದ್ಯಂತ ಕೇಳಿಬಂದಿತು.

ಹೆಸರು

ವಜ್ರ ಮತ್ತು ಹಳ್ಳಿ ಎಂಬ ಎರಡು ಪದಗಳು ಕೂಡಿ ವಜ್ರಳ್ಳಿ ಎಂದಾಗಿದೆ. ಉತ್ತರಪದದ ಹಕಾರ ಲೋಪವಾಗುವುದು ಈ ಸೀಮೆಯ ಊರ ಹೆಸರುಗಳಲ್ಲಿ ಸಾಮಾನ್ಯ. ಇದೇ ತಾಲೂಕಿನ ಹಿತ್ಲಳ್ಳಿ, ಕೊಡಸಳ್ಳಿ ಮುಂತಾದವು ಇದೇ ರೀತಿಯಲ್ಲಿ ಉಚ್ಚರಿಸಲ್ಪಡುತ್ತವೆ.

ಭೌಗೋಳಿಕ ಸ್ವರೂಪ

ಯಲ್ಲಾಪುರದಿಂದ ಅಂಕೋಲಾ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ (ಹಿಂದಿನ ಸಂಖ್ಯೆ 63) ಇಡಗುಂದಿ ಎಂಬ ಊರು ಸಿಗುತ್ತದೆ. ಹೆದ್ದಾರಿಯು ಅಲ್ಲಿಂದ ಮುಂದೆ ಅರಬೈಲ್ ಘಟ್ಟವನ್ನಿಳಿದು ಗುಳ್ಳಾಪುರದ ಮೂಲಕ ಗಂಗಾವಳಿ ಕಣಿವೆಯನ್ನು ಸೇರುತ್ತದೆ. ಇಡಗುಂದಿಯಲ್ಲಿ ಕವಲೊಡೆಯುವ ಇನ್ನೊಂದು ರಸ್ತೆ ವಜ್ರಳ್ಳಿ, ಬಾರೆ ಮಾರ್ಗವಾಗಿ ಕೈಗಾಕ್ಕೆ ಇಳಿಯುತ್ತದೆ. ಹೀಗೆ ವಜ್ರಳ್ಳಿಯು ಘಟ್ಟದ ಮೇಲಿನ ಊರಾದರೂ ಕರಾವಳಿಯ ಕಡೆಗೆ ಇಳಿಯುವ ಬಾಗಿಲಿನಲ್ಲಿದೆ ಎನ್ನಬಹುದು.

ಬಯಲುಸೀಮೆಯ ಹಳ್ಳಿಯಂತೆ ಇಲ್ಲಿ ಮನೆಗಳು ಒಂದೆಡೆ ಗುಂಪಾಗಿರುವುದಿಲ್ಲ. ಶಾಲೆ, ಪಂಚಾಯತಿ ಕಚೇರಿ, ಸಹಕಾರಿ ಸಂಘ, ಕೆಲವು ಅಂಗಡಿಗಳು ಇರುವ ಸ್ಥಳವೇ ಊರಿನ ನಡುಭಾಗ. ಉಳಿದಂತೆ ಮನೆಗಳು ಕಾಡಿನ ನಡುವಿನ ಕಣಿವೆಗಳಲ್ಲಿ ಚದುರಿಕೊಂಡಿವೆ. ಒಂದು ಕಣಿವೆಯಲ್ಲಿ ನಾಲ್ಕು ಮನೆ, ಗುಡ್ಡ ದಾಟಿದರೆ ಮತ್ತೊಂದು ಕಣಿವೆಯಲ್ಲಿ ಆರು ಮನೆ ಎಂಬಂತೆ ವಸತಿ ಹರಡಿದೆ. ಅಪರಿಚಿತರಿಗೆ ಊರು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತೆಂದು ತಿಳಿಯುವುದು ಕಷ್ಟ.

ಪ್ರತಿಯೊಂದು ಕಣಿವೆಯ ರಚನೆಯೂ ಹೆಚ್ಚು ಕಡಿಮೆ ಒಂದೇ ತೆರನಾಗಿದೆ. ಮೇಲೆ ಗುಡ್ಡದ ನೆತ್ತಿಯಲ್ಲಿ ದಟ್ಟವಾದ ಕಾಡು. ಅದರ ಕೆಳಗಿನ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ. ಅದಕ್ಕೂ ಕೆಳಗೆ ಇಳಿಜಾರನ್ನು ಕಡಿದು ಸಮತಟ್ಟುಗೊಳಿಸಿದ ಜಾಗದಲ್ಲಿ ಮನೆ, ಅಂಗಳ, ಕೊಟ್ಟಿಗೆ. ಮನೆಯ ಕೆಳಗೆ ಅಡಿಕೆ ತೋಟ. ತೋಟದ ನಡುವೆ ಅಥವಾ ಅಂಚಿನಲ್ಲಿ ಹಳ್ಳ. ತೋಟಕ್ಕೆ ನೀರೂ ಗೊಬ್ಬರವೂ ಮೇಲಿನಿಂದಲೇ ಬರಬೇಕು. ಗುಡ್ಡದ ಒರತೆಯ ನೀರನ್ನು ಹಿಂದೆ ಸೀಳಿದ ಅಡಿಕೆ ಮರದ ದಬ್ಬೆಗಳ ಮೂಲಕ, ಈಗ ಪೈಪುಗಳ ಮೂಲಕ ಮನೆಗೆ ಹಾಗೂ ತೋಟಕ್ಕೆ ಹಾಯಿಸಿಕೊಳ್ಳುತ್ತಾರೆ. ಪಂಪು ಇಲ್ಲದೆಯೇ ವರ್ಷವಿಡೀ ನೀರು ಪಡೆಯುವ ಈ ಅನುಕೂಲತೆಯೇ ಹಿಂದಿನವರು ಇಂತಹ ಕಡಿದಾದ ಕಣಿವೆಗಳನ್ನು ಆರಿಸಿಕೊಂಡುದಕ್ಕೆ ಕಾರಣ. ಇಂದು ಇದೇ ರಚನೆಯು ಆತಂಕಕ್ಕೂ ಕಾರಣವಾಗಿದೆ.

ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾನ್ಸೂನಿನ ಮಳೆ ಧಾರಾಕಾರವಾಗಿ ಸುರಿಯುತ್ತದೆ. ತಾಲೂಕಿನ ಪೂರ್ವದ ಭಾಗಕ್ಕಿಂತ ಘಟ್ಟದಂಚಿನ ಈ ಭಾಗದಲ್ಲಿ ಮಳೆ ಹೆಚ್ಚು.

ಇತಿಹಾಸ

ಯಲ್ಲಾಪುರ ಸೀಮೆಯು ಸೋದೆಯ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. 1763ರಲ್ಲಿ ಹೈದರ್ ಅಲಿಯು ಸೋದೆಯನ್ನು ಗೆದ್ದನು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಈ ಪ್ರದೇಶ ಬ್ರಿಟಿಷರ ವಶವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗಾಯಿಸಲಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆಯು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು.

ಮುಂಬಯಿ ಆಡಳಿತದ ಕಾಲದ ಒಂದು ವ್ಯವಸ್ಥೆ ಇಲ್ಲಿಯ ಜನಜೀವನವನ್ನು ಇಂದಿಗೂ ರೂಪಿಸುತ್ತಿದೆ. ಅದೇ ಸೊಪ್ಪಿನ ಬೆಟ್ಟ. ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯಂತೆ, ಘಟ್ಟದ ಕೆಳಗೆ 4 ಎಕರೆಯಂತೆ, ಸೊಪ್ಪು, ದರಕು ಮತ್ತು ಹುಲ್ಲನ್ನು ತರಲು ಬೆಟ್ಟವನ್ನು ಬಿಟ್ಟುಕೊಡಲಾಯಿತು. ಬೆಟ್ಟದ ಒಡೆತನ ಕೃಷಿಕನದಲ್ಲ, ಬಳಕೆಯ ಹಕ್ಕು ಮಾತ್ರ ಅವನದು. ತೋಟವಿದ್ದವನಿಗೆ ಬೆಟ್ಟ ಬೇಕೇ ಬೇಕು, ಬೆಟ್ಟವಿಲ್ಲದ ತೋಟ ಹತ್ತಾರು ವರ್ಷಗಳಲ್ಲಿ ಸೊರಗುತ್ತದೆ ಎಂಬ ತಿಳಿವಳಿಕೆ ಈ ಲೆಕ್ಕದ ಹಿಂದಿದೆ. ಮುಂದೆ ಪುನರ್ವಸತಿಯ ಪ್ರಶ್ನೆ ಬಂದಾಗ ಈ ಲೆಕ್ಕವೇ ದೊಡ್ಡ ತೊಡಕಾಯಿತು.

ಜನರು ಮತ್ತು ಭಾಷೆ

ತೋಟಿಗರಲ್ಲಿ ಹವ್ಯಕರು ಗಣನೀಯ ಸಂಖ್ಯೆಯಲ್ಲಿದ್ದಾರೆ. ತಾಲೂಕಿನ ಈ ಅರಣ್ಯ ಭಾಗದಲ್ಲಿ ಸಿದ್ದಿ, ಕುಣಬಿ, ಗೌಳಿ ಮೊದಲಾದ ಸಮುದಾಯಗಳೂ ನೆಲೆಸಿವೆ. ಮನೆಮಾತುಗಳು ಹವ್ಯಕ ಕನ್ನಡ, ಕೊಂಕಣಿ, ಮರಾಠಿ ಎಂದು ಬೇರೆ ಬೇರೆಯಾದರೂ ಪೇಟೆ, ಶಾಲೆ ಮತ್ತು ಸಭೆಗಳ ಮಾತು ಕನ್ನಡವೇ ಆಗಿದೆ. ಆಫ್ರಿಕಾ ಮೂಲದ ಸಿದ್ದಿ ಸಮುದಾಯವು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಯಲ್ಲಾಪುರ ತಾಲೂಕಿನ ಹಿತ್ಲಳ್ಳಿಯ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಆ ಸಮುದಾಯದಿಂದ ಶಾಸನಸಭೆ ಪ್ರವೇಶಿಸಿದ ಮೊದಲಿಗರಾದರು.

ಕೃಷಿ

ಅಡಿಕೆಯೇ ಊರಿನ ಆರ್ಥಿಕತೆಯ ಬೆನ್ನೆಲುಬು. ಸುಮಾರು 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ 550ರಷ್ಟು ಮರಗಳು ಹಿಡಿಯುತ್ತವೆ. ಮರಗಳ ಮೇಲೆ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ನೆರಳಿನಲ್ಲಿ ಏಲಕ್ಕಿ, ಹೀಗೆ ಒಂದೇ ನೆಲದಲ್ಲಿ ಹಲವು ಬೆಳೆಗಳನ್ನು ತೆಗೆಯುವುದು ರೂಢಿ. ಬೆಟ್ಟದಲ್ಲಿ ಮುರುಗಲು, ಉಪ್ಪಾಗೆ, ಅಪ್ಪೆಮಿಡಿ ದೊರೆಯುತ್ತವೆ. ಪೆಟ್ಟಿಗೆಯಲ್ಲಿ ತುಡುವೆ ಜೇನನ್ನು ಸಾಕುವ ಹವ್ಯಾಸವೂ ಉಂಟು. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದಾದ್ಯಂತ ಹಬ್ಬಿದ ಜೇನಿನ ರೋಗದಿಂದ ಈ ಕಸುಬಿಗೆ ಪೆಟ್ಟು ಬಿದ್ದು, ಅನಂತರ ನಿಧಾನವಾಗಿ ಚೇತರಿಸಿಕೊಂಡಿತು.

ಅಡಿಕೆಯನ್ನು ಎರಡು ಬಗೆಯಲ್ಲಿ ಸಂಸ್ಕರಿಸುತ್ತಾರೆ. ಹಸಿ ಅಡಿಕೆಯನ್ನು ಕೊಯ್ದು, ಸುಲಿದು, ತೊಗರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾದ ಗೋಟನ್ನು ಸಿಪ್ಪೆಸಹಿತ ಅಂಗಳದಲ್ಲಿ ಒಂದೂವರೆ ತಿಂಗಳಿನಷ್ಟು ಕಾಲ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಯಲ್ಲಾಪುರದ ಮಾರುಕಟ್ಟೆಯಲ್ಲಿ ರಾಶಿ, ಅಪಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ, ಚಾಲಿ ಎಂಬ ಹೆಸರುಗಳಲ್ಲಿ ಟೆಂಡರು ನಡೆಯುತ್ತದೆ. ಮರವೇರಿ ಕೊನೆ ಇಳಿಸುವ ಕೆಲಸಗಾರನಿಗೆ ಕೊನೆಗೌಡ ಎಂದು ಹೆಸರು. ಒಂದು ಮರದ ನೆತ್ತಿಯಿಂದ ಪಕ್ಕದ ಮರಕ್ಕೆ ದಾಟುತ್ತ ಸಾಗುವ ಈ ಕೌಶಲವುಳ್ಳವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ತೋಟ ಮಾರಿದವರಿಗಿಂತ ಕೊನೆಗೌಡ ಸಿಗದೆ ಕಂಗಾಲಾದವರೇ ಹೆಚ್ಚು ಎಂದರೆ ಅತಿಶಯೋಕ್ತಿಯೇನಲ್ಲ.

ಮಳೆಗಾಲದ ಕೊಳೆ ರೋಗ ಅಡಿಕೆಯ ಹಳೆಯ ಶತ್ರು. ಹಿಂದೆ ಕರಡದ ಹುಲ್ಲಿನ ಕೊಟ್ಟೆಯನ್ನು ಕೊನೆಗಳಿಗೆ ಕಟ್ಟಿ ರಕ್ಷಿಸುತ್ತಿದ್ದರು. ಈಗ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಮಳೆ ಬಿಡುವು ಕೊಡದ ವರ್ಷ ಸಿಂಪಡಣೆಯೂ ನಡೆಯದೆ ಅರ್ಧ ಬೆಳೆ ನೆಲ ಕಾಣುವುದುಂಟು. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ.

ಮಾರಾಟ ಮತ್ತು ಸಾಲದ ವ್ಯವಹಾರದಲ್ಲಿ ಸಹಕಾರಿ ಸಂಘಗಳ ಪಾತ್ರ ಹಿರಿದು. ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಸ್ಥಾಪನೆಯಾದ ಮೇಲೆ ಈ ಸೀಮೆಯ ಬೆಳೆಗಾರರು ಮಂಡಿ ವ್ಯಾಪಾರಿಗಳ ಹಿಡಿತದಿಂದ ಕ್ರಮೇಣ ಹೊರಬಂದರು.

ನದಿ ಯೋಜನೆಗಳು ಮತ್ತು ಕೈಗಾ

ಊರಿನ ಉತ್ತರಕ್ಕೆ ಕಾಳಿ ನದಿಗೆ ಕೊಡಸಳ್ಳಿ ಅಣೆಕಟ್ಟು ಇದೆ. ಅದರ ವಿದ್ಯುದಾಗಾರದ ಸಾಮರ್ಥ್ಯ 120 ಮೆಗಾವಾಟ್. ಅದಕ್ಕೂ ಕೆಳಗೆ 150 ಮೆಗಾವಾಟಿನ ಕದ್ರಾ ಅಣೆಕಟ್ಟು, ಅದರ ಹಿನ್ನೀರಿನ ದಡದಲ್ಲಿ ತಲಾ 220 ಮೆಗಾವಾಟಿನ 4 ಘಟಕಗಳುಳ್ಳ ಕೈಗಾ ಅಣುವಿದ್ಯುತ್ ಕೇಂದ್ರ ಇವೆ. ಕೈಗಾದ ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನಾಡಿಗೆ ಬೆಳಕು ನೀಡುವ ಇಷ್ಟು ಸ್ಥಾವರಗಳ ನೆರೆಯಲ್ಲಿದ್ದೂ, ಮಳೆಗಾಲದಲ್ಲಿ ಮರ ಉರುಳಿ ತಂತಿ ತುಂಡಾದಾಗ ಇಲ್ಲಿಯ ಮನೆಗಳು ದಿನಗಟ್ಟಲೆ ಕತ್ತಲೆಯಲ್ಲಿರುವುದು ವಿಪರ್ಯಾಸ.

ಗಂಗಾವಳಿಯ ಮೇಲ್ಭಾಗಕ್ಕೆ ಬೇಡ್ತಿ ಎಂದು ಹೆಸರು. ಮಾಗೋಡಿನ ಸಮೀಪ ಬೇಡ್ತಿಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆಯನ್ನು ತಾಲೂಕಿನ ತೋಟಿಗರು ವಿರೋಧಿಸಿದರು. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ಕೃಷಿಕರನ್ನೂ ಒಂದೆಡೆ ಸೇರಿಸಿ ನಡೆಸಿದ ವಿಚಾರ ಸಂಕಿರಣವು ಪರಿಸರ ಚಳವಳಿಯ ಇತಿಹಾಸದಲ್ಲಿ ಉಲ್ಲೇಖಾರ್ಹ. ಯೋಜನೆ ಕೈಬಿಡಲ್ಪಟ್ಟಿತು. ಈಚೆಗೆ ಬೇಡ್ತಿ–ವರದಾ ನದಿ ಜೋಡಣೆಯ ಪ್ರಸ್ತಾಪಕ್ಕೂ ವಿರೋಧ ವ್ಯಕ್ತವಾಗಿದೆ.

2021ರ ಭೂಕುಸಿತ

2021ರ ಜುಲೈ 22 ಮತ್ತು 23ರ ಸುಮಾರಿಗೆ ಜಿಲ್ಲೆಯಲ್ಲಿ ಅತಿವೃಷ್ಟಿಯಾಯಿತು. ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿದು ಸಂಚಾರ ಸ್ಥಗಿತಗೊಂಡಿತು. ಗುಳ್ಳಾಪುರದ ಬಳಿ ಗಂಗಾವಳಿಗೆ ಕಟ್ಟಿದ್ದ ಸೇತುವೆ ಕೊಚ್ಚಿಹೋಗಿ, ಆಚೆ ದಡದ ಹಳ್ಳಿಗಳು ಸಂಪರ್ಕ ಕಳೆದುಕೊಂಡವು. ಇದೇ ವೇಳೆ ವಜ್ರಳ್ಳಿ ಪಂಚಾಯತಿಯ ಕಳಚೆಯಲ್ಲಿ ಒಂದಲ್ಲ ಹಲವು ಕಡೆ ಗುಡ್ಡ ಜರಿಯಿತು.

ಈ ಕುಸಿತದ ಪರಿಣಾಮವನ್ನು ಅರಿಯಲು ಮೇಲೆ ವಿವರಿಸಿದ ಕಣಿವೆಯ ರಚನೆಯನ್ನು ನೆನೆಯಬೇಕು. ಶಿಲೆಯ ಮೇಲೆ ದಪ್ಪನಾದ ಮಣ್ಣಿನ ಹೊದಿಕೆ ಇರುವ ಇಳಿಜಾರುಗಳಲ್ಲಿ ದಿನಗಟ್ಟಲೆ ಇಂಗಿದ ನೀರು ಹೊರಹೋಗಲಾರದೆ ಮಣ್ಣನ್ನು ಭಾರವಾಗಿಸಿ ಸಡಿಲಗೊಳಿಸುತ್ತದೆ. ಒಮ್ಮೆ ಬೆಟ್ಟ ಜರಿದರೆ ಮಣ್ಣು, ಬಂಡೆ, ಮರಗಳು ಕೆಸರಿನ ಪ್ರವಾಹವಾಗಿ ಕೆಳಗಿಳಿಯುತ್ತವೆ. ದಾರಿಯಲ್ಲಿ ಮನೆಯಿದ್ದರೆ ಮನೆ, ಅದರ ಕೆಳಗೆ ತೋಟ, ಕೊನೆಗೆ ಹಳ್ಳ ಹೂತುಹೋಗುತ್ತದೆ. ಹಳ್ಳ ಮುಚ್ಚಿದಾಗ ನೀರು ಉಳಿದ ತೋಟದ ಮೇಲೆ ನುಗ್ಗುತ್ತದೆ. ಮೇಲಿನ ನೀರಿನ ಒರತೆಯೂ ದಿಕ್ಕು ಬದಲಿಸುತ್ತದೆ. ಹೀಗಾಗಿ ಕಳಚೆಯಲ್ಲಿ ಅಡಿಕೆ ತೋಟಗಳು ಮಣ್ಣಿನಡಿಯಾದುದಷ್ಟೇ ಅಲ್ಲ, ರಸ್ತೆ, ನೀರು, ವಿದ್ಯುತ್ತು ಎಲ್ಲವೂ ಒಮ್ಮೆಲೇ ಕಡಿದುಹೋದವು. ಗೋಡೆ ಬಿರುಕು ಬಿಟ್ಟ ಮನೆಗಳನ್ನು ತೊರೆದು ಜನರು ಬೇರೆಡೆ ಆಶ್ರಯ ಪಡೆದರು.

ಜುಲೈ 28ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ಬಸವರಾಜ ಬೊಮ್ಮಾಯಿಯವರು ಮರುದಿನವೇ ಜಿಲ್ಲೆಗೆ ಬಂದು ಮಳೆಹಾನಿಯ ಪ್ರದೇಶಗಳನ್ನು ವೀಕ್ಷಿಸಿದರು. ಭೂವಿಜ್ಞಾನಿಗಳೂ ಕಳಚೆಯ ಇಳಿಜಾರುಗಳನ್ನು ಪರಿಶೀಲಿಸಿದರು. ಮಲೆನಾಡಿನ ಭೂಕುಸಿತಗಳ ಅಧ್ಯಯನಕ್ಕಾಗಿ ಅನಂತ ಹೆಗಡೆ ಅಶೀಸರರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರವು ಇದಕ್ಕೂ ಮೊದಲೇ ಸಮಿತಿಯೊಂದನ್ನು ರಚಿಸಿತ್ತು.

ಪುನರ್ವಸತಿಯ ಪ್ರಶ್ನೆ

ಕುಸಿತದ ಭಯವಿರುವ ಮನೆಗಳವರು ಬೇರೆಡೆ ಭೂಮಿ ನೀಡಬೇಕೆಂದು ಕೋರುತ್ತ ಬಂದಿದ್ದಾರೆ. ಕೋರಿಕೆ ಸರಳವಾಗಿ ತೋರಿದರೂ ಈಡೇರಿಕೆ ಸುಲಭವಲ್ಲ. ಉತ್ತರ ಕನ್ನಡ ಜಿಲ್ಲೆಯ ಬಹುಭಾಗ ಅರಣ್ಯವಾಗಿದ್ದು, ಹಂಚಲು ಕಂದಾಯ ಭೂಮಿ ಅತ್ಯಲ್ಪ. ಅರಣ್ಯ ಭೂಮಿಯನ್ನು ಅನ್ಯ ಬಳಕೆಗೆ ನೀಡಲು 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ನಿವೇಶನವೊಂದು ದೊರೆತರೂ ಅದು ತೋಟಿಗನಿಗೆ ನೆರಳು ಮಾತ್ರ, ಅನ್ನವಲ್ಲ. ತೋಟಕ್ಕೆ ನೀರಾಸರೆಯ ನೆಲ, ಅದರೊಂದಿಗೆ ಬೆಟ್ಟ ಬೇಕು. ಹೊಸದಾಗಿ ನೆಟ್ಟ ಅಡಿಕೆ ಸಸಿ ಫಲ ಕೊಡಲು ಐದರಿಂದ ಏಳು ವರ್ಷ ಹಿಡಿಯುತ್ತದೆ. ಹಾಳಾದ ತೋಟಕ್ಕೆ ಎಕರೆ ಲೆಕ್ಕದಲ್ಲಿ ಕೊಡುವ ಬೆಳೆ ಪರಿಹಾರವು ಈ ಅವಧಿಯ ನಷ್ಟವನ್ನು ತುಂಬಲಾರದು. ತೋಟವಿಲ್ಲದ ಕೂಲಿಕಾರರ ಸ್ಥಿತಿ ಇನ್ನೂ ಕಠಿಣ. ಕೆಲಸ ಕೊಡುತ್ತಿದ್ದ ತೋಟ ಹೋದರೆ ಅವರ ದುಡಿಮೆಯೂ ಹೋಗುತ್ತದೆ. ಆದರೆ ಹಾನಿಯ ಪಟ್ಟಿಯಲ್ಲಿ ಅದು ದಾಖಲಾಗುವುದಿಲ್ಲ.

ಊರು ಬಿಡುವುದರ ಬಗ್ಗೆ ಒಂದೇ ಅಭಿಪ್ರಾಯವಿಲ್ಲ. ಯುವಕರು ಬೆಂಗಳೂರು, ಹುಬ್ಬಳ್ಳಿ ಕಡೆ ಉದ್ಯೋಗದಲ್ಲಿದ್ದು ಹಿರಿಯರಷ್ಟೇ ಉಳಿದಿರುವ ಮನೆಗಳು ಮಲೆನಾಡಿನಾದ್ಯಂತ ಹೆಚ್ಚಿವೆ. ಅಂಥ ಹಿರಿಯರಿಗೆ ಮಳೆಗಾಲದ ರಾತ್ರಿ ಭಯವೂ ಹೌದು, ತಲೆಮಾರುಗಳಿಂದ ಬಂದ ನೆಲದ ಮೋಹವೂ ಹೌದು. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಯವರೆಗೆ ಜನರೂ ವಾಹನಗಳೂ ಕೊಚ್ಚಿಹೋದ ಬಳಿಕ ಈ ಭಯ ಇನ್ನಷ್ಟು ಬಲವಾಗಿದೆ.

ಶಿಕ್ಷಣ ಮತ್ತು ಸಂಸ್ಕೃತಿ

ವಜ್ರಳ್ಳಿಯ ಸರ್ವೋದಯ ಪ್ರೌಢಶಾಲೆಯು ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಆಸರೆ. ಶಾಲೆಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಒಳಪಡುತ್ತವೆ. ಹಳ್ಳಕೊಳ್ಳಗಳನ್ನು ದಾಟಿ ನಡೆದು ಬರುವ ಮಕ್ಕಳಿಗೆ ಜೋರು ಮಳೆಯ ದಿನಗಳಲ್ಲಿ ರಜೆ ನೀಡುವುದು ಇಲ್ಲಿ ಅನಿವಾರ್ಯ. ಕಾಲೇಜು ಶಿಕ್ಷಣಕ್ಕೆ ಯಲ್ಲಾಪುರ ಅಥವಾ ಶಿರಸಿಗೆ ಹೋಗಬೇಕು.

ಬಡಗುತಿಟ್ಟಿನ ಯಕ್ಷಗಾನ ಮತ್ತು ತಾಳಮದ್ದಲೆ ಜನಪ್ರಿಯ. ಮಳೆಗಾಲದಲ್ಲಿ ಬಯಲಾಟ ಸಾಧ್ಯವಿಲ್ಲದಾಗ ಮನೆಯ ಜಗಲಿಯಲ್ಲಿ, ದೇವಾಲಯದ ಚಂದ್ರಶಾಲೆಯಲ್ಲಿ ತಾಳಮದ್ದಲೆ ನಡೆಯುತ್ತದೆ. ಊಟದಲ್ಲಿ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳಗಳಿಗೆ ವಿಶೇಷ ಸ್ಥಾನವಿದೆ. ಇದೇ ತಾಲೂಕಿನ ಬೀಗಾರದವರಾದ ಮಕ್ಕಳ ಸಾಹಿತಿ ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ' ಕಾದಂಬರಿಗೆ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆತಿದೆ.

ತಲುಪುವ ಬಗೆ

ಯಲ್ಲಾಪುರದಿಂದ ಇಡಗುಂದಿ ಮಾರ್ಗವಾಗಿ ಬಸ್ಸಿನಲ್ಲಿ ವಜ್ರಳ್ಳಿಯನ್ನು ತಲುಪಬಹುದು. ಯಲ್ಲಾಪುರವು ಹುಬ್ಬಳ್ಳಿಯಿಂದ ಸುಮಾರು 70 ಕಿ.ಮೀ. ದೂರದಲ್ಲಿದೆ. ರೈಲು ಸಂಪರ್ಕಕ್ಕೆ ಹುಬ್ಬಳ್ಳಿ ಅಥವಾ ಕೊಂಕಣ ರೈಲ್ವೆಯ ಅಂಕೋಲಾ ನಿಲ್ದಾಣವನ್ನು ಅವಲಂಬಿಸಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವು ದಶಕಗಳಿಂದ ಚರ್ಚೆಯಲ್ಲಿಯೇ ಇದೆ. ಮಾಗೋಡು ಜಲಪಾತ, ಸಾತೊಡ್ಡಿ ಜಲಪಾತ ಮತ್ತು ಜೇನುಕಲ್ಲು ಗುಡ್ಡ ತಾಲೂಕಿನ ಪ್ರೇಕ್ಷಣೀಯ ಸ್ಥಳಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆಗಳು ಮಣ್ಣು ಕುಸಿದು ಆಗಾಗ ಬಂದ್ ಆಗುವುದರಿಂದ, ಹೊರಡುವ ಮುನ್ನ ರಸ್ತೆಯ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಅಗತ್ಯ.