ಊರವರೇ ಕೊಂಡ ಇಗರ್ಜಿ
ಇಂಗ್ಲೆಂಡಿನ ಸೆವರ್ನ್, ಏವನ್ ನದಿಗಳ ಸಂಗಮದಲ್ಲಿ ಟ್ಯೂಕ್ಸ್‌ಬರಿ ಎಂಬ ಹಳೆಯ ಊರಿದೆ. ಸುತ್ತಲೂ ನೆರೆ ನುಗ್ಗುವ ತಗ್ಗು ನೆಲ. ಊರು ಹರಡಲು ಎಡೆಯಿಲ್ಲ. ಆದ್ದರಿಂದಲೇ ಕರಿಯ ಮರದ ಚೌಕಟ್ಟಿನ, ಬಿಳಿಯ ಗಾರೆಯ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ನಡುನಡುವೆ ಇಕ್ಕಟ್ಟಿನ ಓಣಿಗಳು. ಹಳೆಯ ಪಬ್ಬುಗಳೂ ಇವೆ. ಪಬ್ಬೆಂದೊಡನೆ ನಮ್ಮ ಹೆಂಡದಂಗಡಿಯನ್ನು ನೆನೆಯಬೇಕಾಗಿಲ್ಲ. ಅರ್ಧ ಛತ್ರ, ಅರ್ಧ ಹರಟೆಕಟ್ಟೆ ಎಂದರೆ ಸರಿಹೋದೀತು. ಡಿಕನ್ಸನ ಕಾದಂಬರಿಯಲ್ಲಿ ಪಿಕ್‌ವಿಕ್ ಮಹಾಶಯ ಊಟಕ್ಕೆ ಇಳಿಯುವುದು ಇಲ್ಲಿಯ ಹಾಪ್‌ಪೋಲಿನಲ್ಲಿಯೇ.

ಆದರೆ ಊರಿನ ಜೀವವಿರುವುದು 1121ರಲ್ಲಿ ಪ್ರತಿಷ್ಠೆಯಾದ ಮಠದ ಇಗರ್ಜಿಯಲ್ಲಿ. 1471ರ ಮೇ 4ರಂದು ಊರ ಹೊರಗೆ ಯಾರ್ಕ್, ಲ್ಯಾಂಕಾಸ್ಟರ್ ಮನೆತನಗಳ ನಡುವೆ ಕದನವಾಯಿತು. ಸೋತ ಲ್ಯಾಂಕಾಸ್ಟರ್ ಪಕ್ಷದವರು ಅಭಯ ಬೇಡಿ ಈ ಇಗರ್ಜಿಯನ್ನು ಹೊಕ್ಕರು. ಅವರನ್ನು ಹೊರಗೆಳೆದು, ವಿಚಾರಣೆಯ ಶಾಸ್ತ್ರ ಮುಗಿಸಿ, ಎರಡೇ ದಿನದಲ್ಲಿ ಮುಂದಾಳುಗಳ ತಲೆ ಕಡಿದರು. ರಕ್ತ ಚೆಲ್ಲಿದ ಇಗರ್ಜಿಯನ್ನು ಮತ್ತೆ ಶುದ್ಧಿಮಾಡಬೇಕಾಯಿತು.

1540ರಲ್ಲಿ ಎಂಟನೆಯ ಹೆನ್ರಿಯ ಕಟ್ಟಳೆಯಿಂದ ಮಠ ಮುಚ್ಚಿತು. ಇಗರ್ಜಿಯೂ ನೆಲಸಮವಾಗುವುದರಲ್ಲಿತ್ತು. ಅದು ತಮ್ಮ ಪ್ರಾರ್ಥನಾಮಂದಿರವೂ ಹೌದೆಂದು ಊರವರು ಅಡ್ಡಬಂದರು. ಗಂಟೆಗಳಿಗೂ ಚಾವಣಿಯ ಸೀಸಕ್ಕೂ ಕಟ್ಟಿದ ಬೆಲೆ, 453 ಪೌಂಡು, ತೆತ್ತು ಕೊಂಡುಕೊಂಡರು. ಶಿಲ್ಪಕ್ಕೆ ಯಾರೂ ಬೆಲೆ ಹಿಡಿದಂತಿಲ್ಲ! 2007ರ ಜುಲೈ ನೆರೆಯಲ್ಲಿ ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಸುತ್ತಲೂ ಕೆಂಪು ನೀರು, ನಡುವೆ ಆ ಇಗರ್ಜಿ.